ಸೇತುವೆ ಹತ್ತಲು ಒಂದು ಸಂಕ

ಅಮ್ಮಮ್ಮನ ಮನೆಗೆ ಹೋಗಬೇಕಾದರೆ ಬಸ್ ಇಳಿದು ಒಂದು ಹಾಡಿ, ಒಂದು ಬೈಲು, ಆಮೇಲೊಂದು ಹಳ್ಳ ದಾಟಬೇಕು. ಬೈಂದೂರು ತಾಲ್ಲೂಕಿನ ಒಳಗಡೆ ಇಂಥ ಹಳ್ಳಗಳಿಗೆ ಲೆಕ್ಕವಿಲ್ಲ. 2023ರ ಏಪ್ರಿಲ್ ಕೊನೆಯಲ್ಲಿ ಮಾವನ ಮಗಳ ಮದುವೆಗೆಂದು ಹೋದಾಗ ನಮ್ಮ ಹಳ್ಳದ ಮೇಲೆ ಕಾಂಕ್ರೀಟಿನ ಕಾಲುಸಂಕ, ಅಂದರೆ ನಡೆದು ದಾಟುವ ಕಿರುಸೇತುವೆ, ಎದ್ದು ನಿಂತಿತ್ತು. ಎರಡೂ ತುದಿಗೆ ಮಣ್ಣು ತುಂಬಿರಲಿಲ್ಲವಾದ್ದರಿಂದ ಅದು ನೆಲಕ್ಕೆ ತಾಗದೆ ಎದೆಯೆತ್ತರದಲ್ಲಿ ನಿಂತಿತ್ತು. ಮೇಲೆ ಹತ್ತಲು ಯಾರೋ ಅಡಿಕೆ ಮರದ ಎರಡು ದಬ್ಬೆ ಒರಗಿಸಿ ಅಡ್ಡಪಟ್ಟಿ ಹೊಡೆದಿದ್ದರು.

ಹಳ್ಳದಲ್ಲಿ ಆಗ ನೀರೇ ಇರಲಿಲ್ಲ. ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ಆರಾಮವಾಗಿ ಆಚೆ ಹೋಗಬಹುದಿತ್ತು. ಆದರೂ ಸಂಜೆಯಾದರೆ ಬೈಲಿನವರೆಲ್ಲ ದಬ್ಬೆ ಹತ್ತಿ ಸೇತುವೆಯ ಮೇಲೆ ಬಂದು ಕೂರುತ್ತಿದ್ದರು. ವಿಧಾನಸಭೆ ಚುನಾವಣೆಯ ನೀತಿ ಸಂಹಿತೆ ಮಾರ್ಚ್ 29ರಿಂದಲೇ ಜಾರಿಯಲ್ಲಿದ್ದುದರಿಂದ ಉದ್ಘಾಟನೆಯ ಮಾತಿರಲಿಲ್ಲ. ಉದ್ಘಾಟನೆಯಾಗದ ಸೇತುವೆಯ ಮೇಲೆ ಕುಳಿತು ಅಭಿಪ್ರಾಯ ಹೇಳುವುದಕ್ಕೆ ಮಾತ್ರ ಯಾವ ಸಂಹಿತೆಯೂ ಅಡ್ಡ ಬರುವುದಿಲ್ಲ. ಮದುವೆಗೆ ನಾಲ್ಕು ದಿನವಿತ್ತು, ನಾನೂ ಹೋಗಿ ಕುಳಿತೆ.

ಮಾವ ಮೊದಲು ಅಗಲದ ವಿಷಯ ಎತ್ತಿದರು. "ನಾಲ್ಕು ಅಡಿ! ಇಷ್ಟು ದುಡ್ಡು ಹಾಕಿದವರಿಗೆ ಇನ್ನು ನಾಲ್ಕು ಅಡಿ ಹೆಚ್ಚಿಸಲು ಏನಾಗಿತ್ತು? ಒಂದು ರಿಕ್ಷಾ ಬರುತ್ತಿತ್ತು." ಅಜ್ಜಯ್ಯನಿಗೆ ಕೊನೆಗಾಲದಲ್ಲಿ ಉಸಿರಾಟದ ತೊಂದರೆಯಾದಾಗ ಕುರ್ಚಿಗೆ ಬಿದಿರು ಕಟ್ಟಿ ಹೊತ್ತವರಲ್ಲಿ ಮಾವನೂ ಒಬ್ಬರು. ಆಷಾಢದ ಮಳೆ, ಆಗ ಇದ್ದ ಅಡಿಕೆ ಮರದ ಸಂಕದ ಮೇಲೆ ನಾಲ್ಕು ಜನ ಒಟ್ಟಿಗೆ ಕಾಲಿಡುವಂತಿಲ್ಲ. ಹಾಡಿ ಸುತ್ತಿ ರಸ್ತೆ ಮುಟ್ಟುವಷ್ಟರಲ್ಲಿ ಎರಡು ತಾಸು ಕಳೆದಿತ್ತು. "ಕುರ್ಚಿ ಹೊರುವುದಕ್ಕೆ ಇದು ಸಾಕು, ಇಲ್ಲವೆನ್ನುವುದಿಲ್ಲ. ಆದರೆ ಇನ್ನೂ ಎಷ್ಟು ಕಾಲ ಹೊರುವುದು?" ಎಂದರು.

ಸೇತುವೆಯ ಆಚೆ ತುದಿಗೆ ಎರಡು ಸೆಂಟ್ಸ್ ಜಾಗ ಬಿಟ್ಟುಕೊಟ್ಟ ಹಿರಿಯರೂ ಅಲ್ಲೇ ಇದ್ದರು. ಅವರಿಗೆ ನಾಲ್ಕು ಅಡಿಯೇ ಹೆಚ್ಚು. "ರಿಕ್ಷಾ ಬಂದರೆ ರಸ್ತೆ ಬರುತ್ತದೆ, ರಸ್ತೆ ಬಂದರೆ ಮತ್ತೆ ನನ್ನ ಗದ್ದೆಗೇ ಅಳತೆ ಟೇಪು ಹಿಡಿಯುತ್ತಾರೆ. ನಡೆಯುವವರಿಗೆ ಕೊಟ್ಟೆ, ನಡೆಯಿರಿ." ಅಲ್ಲಿಗೆ ಅವರ ಮಾತು ಮುಗಿಯಿತು.

ಬಿ.ಇ. ಓದುತ್ತಿರುವ ಹುಡುಗನೊಬ್ಬ ತೂಗುಸೇತುವೆಯ ಪಕ್ಷ. ಸುಳ್ಯದ ಗಿರೀಶ್ ಭಾರದ್ವಾಜರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ಮೊದಲ ತೂಗುಸೇತುವೆ ಕಟ್ಟಿದ್ದು, ಆಮೇಲೆ ನೂರಕ್ಕೂ ಹೆಚ್ಚು ಕಟ್ಟಿದ್ದು, 2017ರಲ್ಲಿ ಪದ್ಮಶ್ರೀ ಬಂದದ್ದು ಎಲ್ಲವೂ ಅವನ ಬಾಯಲ್ಲೇ ಇತ್ತು. ಹಿರಿಯರೊಬ್ಬರು ಗುಜರಾತಿನ ಮೋರ್ಬಿಯಲ್ಲಿ ಆರು ತಿಂಗಳ ಹಿಂದೆ ತೂಗುಸೇತುವೆ ಕಡಿದು ನೂರಮೂವತ್ತಕ್ಕೂ ಹೆಚ್ಚು ಜನ ಸತ್ತದ್ದನ್ನು ನೆನಪಿಸಿದರು. ನಿರ್ವಹಣೆ, ಭಾರದ ಮಿತಿ ಎಂದೆಲ್ಲ ಹುಡುಗ ವಾದಕ್ಕೆ ನಿಂತ. ಕೊನೆಗೆ ಮಾವ, "ಮಾರಾಯ, ನಲವತ್ತು ಅಡಿ ಹಳ್ಳಕ್ಕೆ ತೂಗುಯ್ಯಾಲೆ ಯಾಕೆ?" ಎಂದದ್ದೇ ಎಲ್ಲರೂ ನಕ್ಕರು.

ಯಾರೂ ನಗದ ಮಾತು ಬಂದದ್ದು ಕೆಳಗಿನ ಮನೆಯ ಸೊಸೆಯಿಂದ. ಅಷ್ಟು ಹೊತ್ತೂ ಸುಮ್ಮನಿದ್ದವಳು ಐದು ವರ್ಷದ ಮಗನನ್ನು ಕರೆದು, "ಪುಟ್ಟ, ಇದರೊಳಗೆ ತೂರಿ ತೋರಿಸು" ಎಂದಳು. ಕೈಪಿಡಿಗೆ ಎರಡೇ ಕಬ್ಬಿಣದ ಕೊಳವೆ ಹಾಕಿದ್ದರು, ಒಂದು ಸೊಂಟದೆತ್ತರಕ್ಕೆ, ಇನ್ನೊಂದು ಮೊಣಕಾಲಿಗಿಂತ ಕೊಂಚ ಮೇಲೆ. ಕೆಳಗಿನ ಕೊಳವೆಯ ಅಡಿಯಿಂದ ಹುಡುಗ ತಲೆ ತೂರಿಸಿದ, ಭುಜ ಓರೆ ಮಾಡಿದ, ಮರುಗಳಿಗೆಯಲ್ಲಿ ಅಂಚಿನಾಚೆಗೆ ಅರ್ಧ ಮೈ ಹೊರಬಂದಿತ್ತು. ಅವನ ಚಡ್ಡಿಯನ್ನು ಅವಳು ಬಿಗಿಯಾಗಿ ಹಿಡಿದೇ ಇದ್ದಳು.

"ಕಾಲ್ತೋಡಿನಲ್ಲಿ ಹೋದ ವರ್ಷ ಆದದ್ದು ಮರೆತಿರಾ?" ಎಂದಳು.

ಯಾರೂ ಮರೆತಿರಲಿಲ್ಲ. 2022ರ ಆಗಸ್ಟಿನಲ್ಲಿ ಶಾಲೆಯಿಂದ ಮನೆಗೆ ಹೊರಟಿದ್ದ ಎರಡನೇ ತರಗತಿಯ ಹುಡುಗಿ ಕಾಲುಸಂಕದಿಂದ ಜಾರಿ ನೀರುಪಾಲಾದದ್ದು ಇದೇ ತಾಲ್ಲೂಕಿನಲ್ಲಿ. ನಮ್ಮ ಕಡೆ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಶಾಲೆ ಬಾಗಿಲು ತೆರೆಯುವುದಕ್ಕೂ ಹಳ್ಳ ಏರುವುದಕ್ಕೂ ಒಂದೇ ಮುಹೂರ್ತ.

ಸಂಕ ದಾಟುವುದು ನನಗೂ ಗೊತ್ತು. ಮೂರು ಅಡಿಕೆ ಮರ ಜೋಡಿಸಿ ಬಳ್ಳಿ ಬಿಗಿದು, ಒಂದು ಬದಿಗೆ ಬಿದಿರಿನ ಆಧಾರ ಕಟ್ಟಿದರೆ ಸಂಕ. ಹದಿನೈದು ದಿನ ಮಳೆ ಹೊಯ್ದರೆ ಅದರ ಮೇಲೆ ಹಾವಸೆ. ರಜೆ ಮುಗಿಸಿ ಹೊರಡುವಾಗ ಅಮ್ಮಮ್ಮ ಹಿಂದಿನಿಂದ ನನ್ನ ಲಂಗ ಹಿಡಿದು ಹೇಳುತ್ತಿದ್ದರು: "ನೀರು ನೋಡಬೇಡ, ಆಚೆ ದಡದ ಹಲಸಿನ ಮರ ನೋಡು." ನಾನು ನೀರನ್ನೇ ನೋಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ಕೆಂಪು ನೀರು ನಿಂತುಬಿಡುತ್ತಿತ್ತು, ನಾನು ನಿಂತ ಸಂಕವೇ ಮೇಲ್ಮುಖವಾಗಿ ಓಡತೊಡಗುತ್ತಿತ್ತು. ಆಗ ಕಾಲು ತಾನಾಗಿ ತಪ್ಪುತ್ತದೆ. ನನ್ನ ಒಂದು ಚಪ್ಪಲಿ ಹಾಗೆಯೇ ಹೋಯಿತು.

ಕೊಳವೆಗಳ ನಡುವೆ ಇನ್ನೆರಡು ಸರಳು ಬೆಸೆಯಲು ಗುತ್ತಿಗೆದಾರನಿಗೆ ಹೇಳುವುದೆಂದು ತೀರ್ಮಾನವಾಯಿತು. ಮಾವ ಅಲ್ಲಿಂದಲೇ ಫೋನ್ ಮಾಡಿದರು. ಅಂದಾಜುಪಟ್ಟಿಯಲ್ಲಿ ಇಲ್ಲದ್ದನ್ನು ಹಾಕಲು ಬರುವುದಿಲ್ಲ ಎಂಬ ಉತ್ತರ ಬಂತು. ಮಣ್ಣು ತುಂಬುವ ಕೆಲಸ? ಲಾರಿ ಸಿಕ್ಕ ಕೂಡಲೇ ಎಂದಿತು ಆ ಕಡೆಯ ದನಿ. ಸರಳು ನಾವೇ ಹಾಕಿಸೋಣ, ಮನೆಗೆ ಇಷ್ಟೆಂದು ವಂತಿಗೆ ಎತ್ತೋಣ ಎಂದು ಬಿ.ಇ. ಹುಡುಗ ಹೇಳಿದಾಗ ಎಲ್ಲರೂ ಹೂಂಗುಟ್ಟಿದರು. ಬೈಕ್ ಹೋಗದಂತೆ ನಡುವೆ ಗೂಟ ಹಾಕಬೇಕೋ ಬೇಡವೋ ಎಂಬ ಚರ್ಚೆ ಮಾತ್ರ ಕತ್ತಲಾಗುವವರೆಗೂ ನಡೆಯಿತು. ಬೈಕ್ ಇದ್ದವರು ಬೇಡವೆಂದರು, ಇಲ್ಲದವರು ಬೇಕೆಂದರು.

ಆಚೆಮನೆಯ ಅಕ್ಕ ಬಂದದ್ದು ಆ ಹೊತ್ತಿಗೆ, ತಲೆಯ ಮೇಲೆ ದನಕ್ಕೆ ಕೊಯ್ದ ಹಸಿಹುಲ್ಲಿನ ಹೊರೆ. ಬರಿದಾದ ಹಳ್ಳದಲ್ಲಿ ಇಳಿದು ಹೋಗಬಹುದಿತ್ತು, ಆದರೂ ದಬ್ಬೆ ಹತ್ತಿದಳು. ನಾವು ಕಾಲು ಮಡಚಿ ದಾರಿ ಬಿಟ್ಟೆವು. ಹುಲ್ಲಿನ ತುದಿಗಳು ಎರಡೂ ಬದಿಯ ಕೊಳವೆಗಳ ಮೇಲಿಂದ ಬಾಗಿ ಹಾದವು, ಎಲ್ಲಿಯೂ ತಡೆಯಲಿಲ್ಲ. "ಹೇಗಿದೆ ಅಕ್ಕ?" ಎಂದೆ. ತಿರುಗಿ ನೋಡದೆ, "ಎರಡೂ ಕೈ ಬಿಟ್ಟು ನಡೆದೆನಲ್ಲ" ಎಂದಳು.

ರಾತ್ರಿ ಊಟಕ್ಕೆ ಕುಳಿತಾಗ ಮಾವ, ಇನ್ನು ಮೇಲೆ ಮೇ ಕೊನೆಯಲ್ಲಿ ಬೈಲಿನವರೆಲ್ಲ ಸೇರಿ ಸಂಕ ಹಾಕುವ ದಿನವೇ ಇರುವುದಿಲ್ಲ, ಒಗ್ಗಟ್ಟು ಹೋಯಿತು ಎಂದು ಬೇಸರ ಪಟ್ಟರು. ಅಮ್ಮಮ್ಮ ಮಜ್ಜಿಗೆ ಬಡಿಸುತ್ತಿದ್ದರು. "ಇಪ್ಪತ್ತು ಜನಕ್ಕೆ ಅವಲಕ್ಕಿ ಕಲಸಿ ಕಾಫಿ ಕಾಯಿಸಿದವಳು ನಾನು. ನನಗೇನೂ ಬೇಸರವಿಲ್ಲ" ಎಂದರು.

ಮರುದಿನ ಬೆಳಗ್ಗೆ ಮಾವ ಸುಣ್ಣದ ಕರಟ ಹಿಡಿದು ತೋಟಕ್ಕೆ ಹೊರಟರು, ನಾನೂ ಹಿಂದೆ ಹೋದೆ. ಫಸಲು ನಿಂತ ನಾಲ್ಕು ಮುದಿ ಅಡಿಕೆ ಮರಗಳಿಗೆ ಗುರುತು ಹಾಕಿದರು.

"ಸೇತುವೆ ಬಂತಲ್ಲ ಮಾವ, ಇನ್ನು ಸಂಕಕ್ಕೆ ಮರ ಯಾಕೆ?"

"ಮಳೆಗೆ ಮುಂಚೆ ಮಣ್ಣು ಬೀಳುತ್ತದೆ ಅಂತ ನಿನಗೆ ಯಾರು ಹೇಳಿದರು? ಮೂರು ಮರ ಸಂಕಕ್ಕೆ ಇರಲಿ," ಎಂದು ನಾಲ್ಕನೆಯ ಮರವನ್ನು ತಟ್ಟಿ ನೋಡಿದರು. "ಇದನ್ನು ಸೀಳಿದರೆ ಸೇತುವೆ ಹತ್ತಲು ಗಟ್ಟಿ ದಬ್ಬೆ ಆಗುತ್ತದೆ."