ಏಳನೇ ಸಿಲಿಂಡರಿನ ಪ್ಲಗ್

ಡ್ಯಾಶ್‌ಬೋರ್ಡಿನ ಹಳದಿ ಎಂಜಿನ್ ದೀಪ ಸುಮ್ಮನೆ ಉರಿಯುತ್ತಿದ್ದರೆ ನಾಲ್ಕು ದಿನ ತಡೆದು ನೋಡಬಹುದು. ಮಿನುಗತೊಡಗಿದರೆ ಮಾತ್ರ ತಡೆಯಬಾರದು. ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲ್ ಉರಿಯದೆ ಹಸಿಹಸಿಯಾಗಿ ಸೈಲೆನ್ಸರ್ ಕಡೆಗೆ ಹೋಗುತ್ತಿದೆ, ದಾರಿಯಲ್ಲಿರುವ, ಹೊಗೆಯ ವಿಷ ಕಡಿಮೆ ಮಾಡುವ ಕೆಟಲಿಟಿಕ್ ಕನ್ವರ್ಟರ್ ಒಳಗೆ ಹೊತ್ತಿಕೊಂಡು ಅದನ್ನೇ ಸುಡುತ್ತಿದೆ ಎಂದರ್ಥ. ಪೆಟ್ರೋಲಿಗೆ ಕಿಡಿ ಹಚ್ಚುವ ಎಂಟು ಸ್ಪಾರ್ಕ್ ಪ್ಲಗ್‌ಗಳ ಬೆಲೆ ಕನ್ವರ್ಟರಿನ ಬೆಲೆಯ ಪಕ್ಕದಲ್ಲಿ ಏನೇನೂ ಅಲ್ಲ.

ಮಿಷಿಗನ್‌ನ ಮನೆಯಂಗಳದಲ್ಲಿ ನಿಂತಿದ್ದದ್ದು 2010ರ ಷೆವ್ರೊಲೆ ಸಿಲ್ವರಾಡೊ ಪಿಕಪ್, 5.3 ಲೀಟರಿನ, ಎಂಟು ಸಿಲಿಂಡರಿನ ವಿ8 ಎಂಜಿನ್. ಓಡಿದ್ದು ಒಂದು ಲಕ್ಷ ಮೈಲಿ ದಾಟಿತ್ತು, ಅಂದರೆ ಪ್ಲಗ್ ಬದಲಿಸಬೇಕಾದ ಅವಧಿ ಸರಿಯಾಗಿ ಮುಗಿದಿತ್ತು. ಖಾಲಿ ಇದ್ದಾಗ ಚೆನ್ನಾಗಿಯೇ ಓಡುತ್ತಿದ್ದ ಗಾಡಿ, ಟ್ರೇಲರ್ ಕಟ್ಟಿಕೊಂಡು ಏರು ಹತ್ತುವಾಗ ಮಾತ್ರ ಎಳೆತ ಬಿಟ್ಟು ಜರ್ಕ್ ಹೊಡೆಯುತ್ತಿತ್ತು. ಭಾರ ಎಳೆಯುವಾಗ ಸಿಲಿಂಡರಿನ ಒಳಗೆ ಒತ್ತಡ ಜಾಸ್ತಿ. ಒತ್ತಡ ಜಾಸ್ತಿಯಾದಷ್ಟೂ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು. ಸವೆದು ಸವೆದು ಪ್ಲಗ್ಗಿನ ಗ್ಯಾಪ್, ಅಂದರೆ ಕಿಡಿ ಹಾರುವ ಸಂದು, ಅಗಲವಾಗಿದ್ದರೆ ಇನ್ನೂ ಹೆಚ್ಚು. ಆಗ ಕರೆಂಟು ಗ್ಯಾಪ್ ದಾಟುವ ಬದಲು ಪ್ಲಗ್ಗಿನ ಪಿಂಗಾಣಿಯ ಹೊರಮೈ ಹಿಡಿದು ಸುಲಭದ ದಾರಿಯಲ್ಲಿ ಇಳಿದುಹೋಗುತ್ತದೆ. ಹಾಗಾಗಿಯೇ ಪ್ಲಗ್ಗಿನ ರೋಗ ಮೊದಲು ಕಾಣುವುದು ಏರಿನಲ್ಲಿ.

ದೋಷದ ಕೋಡ್ ಓದುವ ಸ್ಕ್ಯಾನರ್ ಸಿಕ್ಕಿಸಿದರೆ ಬಂದದ್ದು ಪಿ0307. ಕೊನೆಯ ಅಂಕಿಯೇ ಸಿಲಿಂಡರಿನ ಸಂಖ್ಯೆ. ಈ ಎಂಜಿನ್ನಿನಲ್ಲಿ ಡ್ರೈವರ್ ಬದಿಗೆ, ಅಮೆರಿಕದಲ್ಲಿ ಅದು ಎಡಬದಿ, ಮುಂದಿನಿಂದ ಹಿಂದಕ್ಕೆ 1, 3, 5, 7. ಆಚೆ ಬದಿಗೆ 2, 4, 6, 8. ಏಳು ಅಂದರೆ ಡ್ರೈವರ್ ಬದಿಯ ಕಟ್ಟಕಡೆಯದು, ಕ್ಯಾಬಿನ್ನಿನ ಗೋಡೆಗೆ ಅಂಟಿಕೊಂಡಂತಿರುವುದು, ಕೈ ಹೋಗುವುದೇ ಕಷ್ಟ.

ಕೋಡ್ ನೋಡಿದ ಕೂಡಲೇ ಪ್ಲಗ್ಗೇ ಕೆಟ್ಟಿದೆ ಎಂದು ತೀರ್ಮಾನಿಸುವಂತಿಲ್ಲ. ಇಲ್ಲಿ ಒಂದೊಂದು ಸಿಲಿಂಡರಿಗೂ ಕಿಡಿಗೆ ಬೇಕಾದ ವೋಲ್ಟೇಜ್ ಕೊಡುವ ಒಂದೊಂದು ಇಗ್ನಿಷನ್ ಕಾಯಿಲ್ ಇದೆ, ವಾಲ್ವ್ ಕವರಿನ ಮೇಲೆ ಸಾಲಾಗಿ ಕೂತಿರುತ್ತವೆ. ಅಲ್ಲಿಂದ ಪ್ಲಗ್ಗಿಗೆ ಒಂದು ಗೇಣಷ್ಟು ವೈರ್. ಏಳರ ಕಾಯಿಲನ್ನು ಒಂದನೆಯದಕ್ಕೆ ಹಾಕಿ, ಒಂದರದ್ದನ್ನು ಏಳಕ್ಕೆ ಹಾಕಿ ಓಡಿಸಿದರೆ ಗೊತ್ತಾಗುತ್ತದೆ: ಕೋಡ್ ಪಿ0301 ಎಂದು ಬದಲಾದರೆ ದೋಷ ಕಾಯಿಲಿನದು, ಏಳರಲ್ಲೇ ಉಳಿದರೆ ಮೊದಲ ಅನುಮಾನ ಪ್ಲಗ್ಗಿನ ಮೇಲೋ ವೈರಿನ ಮೇಲೋ. ಉಳಿಯಿತು. ಎಂಟು ಪ್ಲಗ್, ಎಂಟು ವೈರ್ ಒಟ್ಟಿಗೇ ತಂದಿದ್ದಾಯಿತು. ಒಂದೇ ಬದಲಿಸುವುದು ಉಳಿತಾಯವಲ್ಲ, ಉಳಿದ ಏಳೂ ಅಷ್ಟೇ ಮೈಲಿ ಓಡಿವೆ.

ಊರಿಗೆ ಫೋನು ಮಾಡಿ ಪಿಕಪ್ಪಿನ ಪ್ಲಗ್ ಬದಲಿಸುತ್ತಿದ್ದೇನೆ ಎಂದರೆ ಅರ್ಧ ಜನಕ್ಕೆ ಆಶ್ಚರ್ಯ. ನಮ್ಮ ಕಡೆ ತರಕಾರಿ, ಹಾಲಿನ ಕ್ಯಾನು ಹೊರುವ ಬೊಲೆರೊ ಪಿಕಪ್ ಡೀಸೆಲ್ಲಿನದು. ಡೀಸೆಲ್ ಎಂಜಿನ್ನಿನಲ್ಲಿ ಗಾಳಿಯನ್ನು ಒತ್ತಿದ ಬಿಸಿಗೇ ಎಣ್ಣೆ ಹೊತ್ತಿಕೊಳ್ಳುವುದರಿಂದ ಕಿಡಿಯ ಪ್ಲಗ್ಗೇ ಇಲ್ಲ. ಪ್ಲಗ್ ಅಂದರೆ ಅಲ್ಲಿ ನೆನಪಾಗುವುದು ಸ್ಕೂಟರು: ಬಿಚ್ಚು, ಉಪ್ಪುಕಾಗದದಲ್ಲಿ ತಿಕ್ಕು, ನೆಲಕ್ಕೆ ಮೆಲ್ಲಗೆ ಕುಟ್ಟಿ ಗ್ಯಾಪ್ ಕಡಿಮೆ ಮಾಡು, ಹಾಕು. ಆ ಅಭ್ಯಾಸ ಇಲ್ಲಿ ನಡೆಯದು. ಇರಿಡಿಯಂ ಪ್ಲಗ್ಗಿನ ನಡುವಿನ ತುದಿ ಸೂಜಿಯಂತೆ ಸಣ್ಣಗಿರುತ್ತದೆ. ಉಪ್ಪುಕಾಗದ ತಾಗಿದರೆ ಅದರ ಆಯುಸ್ಸು ಮುಗಿಯಿತು. ಗ್ಯಾಪ್ 0.040 ಇಂಚು, ಸುಮಾರು 1 ಮಿಲಿಮೀಟರ್, ಕಾರ್ಖಾನೆಯಲ್ಲೇ ಕೂರಿಸಿ ಕಳಿಸಿರುತ್ತಾರೆ. ಆದರೂ ತಂತಿಯ ಗೇಜಿನಲ್ಲಿ ಒಂದು ಸಲ ನೋಡಬೇಕು. ಅಂಚಿನಲ್ಲಿ ಜಾರಿಸಿ ಅಗಲ ಮಾಡುವ ನಾಣ್ಯದಂಥ ಗೇಜನ್ನು ಇದಕ್ಕೆ ಮುಟ್ಟಿಸಲೇಬಾರದು, ತುದಿ ಮುರಿಯುತ್ತದೆ. ಕೈತಪ್ಪಿ ಕಾಂಕ್ರೀಟಿಗೆ ಬಿದ್ದ ಪ್ಲಗ್ಗನ್ನೂ ಹಾಕಬಾರದು. ಪಿಂಗಾಣಿಯ ಒಳಗಿನ ಕೂದಲೆಳೆಯ ಬಿರುಕು ಕಣ್ಣಿಗೆ ಕಾಣುವುದಿಲ್ಲ.

ಎಂಜಿನ್ ಪೂರ್ತಿ ತಣ್ಣಗಿರಬೇಕು. ಹಿಂದಿನ ರಾತ್ರಿಯಿಂದ ನಿಂತ ಗಾಡಿಯಾದರೆ ಒಳ್ಳೆಯದು. ಪ್ಲಗ್ ಕೂರುವ ಸಿಲಿಂಡರ್ ಹೆಡ್ ಅಲ್ಯೂಮಿನಿಯಂ, ಪ್ಲಗ್ ಉಕ್ಕು. ಬಿಸಿಯಲ್ಲಿ ತಿರುಗಿಸಿದರೆ ಮೆತ್ತಗಿನ ಅಲ್ಯೂಮಿನಿಯಂ ಮರೆ (ತಿರುಪಿನ ಸುರುಳಿ ಗೆರೆ, ಥ್ರೆಡ್) ಕಿತ್ತುಕೊಂಡು ಬರುತ್ತದೆ, ಆಮೇಲೆ ಹೊಸ ಮರೆ ಕೂರಿಸುವ ಕೆಲಸ ಮನೆಯಂಗಳದಲ್ಲಿ ಮುಗಿಯುವಂಥದ್ದಲ್ಲ. ಬ್ಯಾಟರಿಯ ನೆಗೆಟಿವ್ ತೆಗೆದಿಟ್ಟು ಶುರು ಮಾಡಿದೆ. ಬೇಕಾದ ಸಾಮಾನು: ಒಳಗೆ ರಬ್ಬರ್ ಹಿಡಿತವಿರುವ 5/8 ಇಂಚಿನ ಪ್ಲಗ್ ಸಾಕೆಟ್, 3/8 ಇಂಚಿನ ರ‍್ಯಾಚೆಟ್, 3 ಮತ್ತು 6 ಇಂಚಿನ ಎಕ್ಸ್‌ಟೆನ್ಷನ್, ಮಣಿಯುವ ಒಂದು ಜಾಯಿಂಟ್, ಬಿಗಿ ಅಳೆಯುವ ಟಾರ್ಕ್ ರೆಂಚ್, ಗಾಳಿ ಊದಲು ಕಂಪ್ರೆಸರ್, ಜೊತೆಗೆ ಒಂದು ಅಡಿ ಉದ್ದದ ರಬ್ಬರ್ ಪೈಪು. ಆ ಪೈಪಿನ ಮಾತು ಮುಂದೆ ಬರುತ್ತದೆ.

ವೈರ್ ಎಳೆಯುವಾಗ ವೈರನ್ನೇ ಹಿಡಿದು ಜಗ್ಗಿದರೆ ಒಳಗಿನ ತಂತಿ ಕಿತ್ತು, ಬೂಟು, ಅಂದರೆ ವೈರಿನ ತುದಿಯ ರಬ್ಬರ್ ಟೊಪ್ಪಿಗೆ, ಪ್ಲಗ್ಗಿನ ಮೇಲೇ ಉಳಿಯುತ್ತದೆ. ಬೂಟನ್ನು ಹಿಡಿದು ಮೊದಲು ಅತ್ತಿತ್ತ ಅರ್ಧ ಸುತ್ತು ತಿರುಗಿಸಬೇಕು, ಅಂಟು ಬಿಟ್ಟುಕೊಳ್ಳುತ್ತದೆ, ಆಮೇಲೆ ನೇರಕ್ಕೆ ಎಳೆಯಬೇಕು. ಬೂಟಿನ ಸುತ್ತ ತಗಡಿನ ಕವಚವಿದೆ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ಈ ಸೀಮೆಯಲ್ಲಿ ಆ ತಗಡು ತುಕ್ಕು ಹಿಡಿದು ಕಚ್ಚಿಕೊಂಡಿರುತ್ತದೆ. ಹಾಗಂತ ಅದನ್ನು ಬಿಸಾಡುವಂತಿಲ್ಲ. ಕೆಳಗೇ ಬಿಸಿ ಹೊಗೆ ಹೊರಹೋಗುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಇದೆ, ಕವಚವಿಲ್ಲದ ರಬ್ಬರು ಅದರ ಕಾವಿಗೆ ಬೇಗ ಸುಟ್ಟು ಸೀಳುತ್ತದೆ.

ಒಂದು ಮುಗಿಸಿ ಇನ್ನೊಂದಕ್ಕೆ ಹೋಗುವುದೇ ಕ್ಷೇಮ. ಎಂಟೂ ವೈರ್ ಒಟ್ಟಿಗೆ ಕಿತ್ತಿಟ್ಟರೆ ಯಾವುದು ಎಲ್ಲಿಯದು ಎಂಬ ಗೊಂದಲ. ಪ್ಲಗ್ಗನ್ನು ಕಾಲು ಸುತ್ತು ಸಡಿಲಿಸಿ ನಿಲ್ಲಿಸಿ, ಸುತ್ತಲಿನ ಮಣ್ಣು ಮರಳನ್ನು ಗಾಳಿಯಲ್ಲಿ ಊದಿ, ಆಮೇಲೆ ಪೂರ್ತಿ ಬಿಚ್ಚಬೇಕು. ಊದದೆ ಬಿಚ್ಚಿದರೆ ಆ ಮರಳೆಲ್ಲ ಸಿಲಿಂಡರಿಗೇ ಬೀಳುತ್ತದೆ. ಬಿಚ್ಚುವಾಗ ನಡುವೆ ಬಿಗಿಯಾದರೆ ಬಲ ಹಾಕಬಾರದು. ಮರೆಗೆ ತುಕ್ಕು ಬಿಡಿಸುವ ಎಣ್ಣೆ ಹನಿಸಿ, ಹತ್ತು ನಿಮಿಷ ಕಾದು, ಮುಂದಕ್ಕಷ್ಟು ಹಿಂದಕ್ಕಷ್ಟು ಆಡಿಸುತ್ತಾ ತರಬೇಕು.

ಬಲಬದಿಯ ನಾಲ್ಕು, ಎಡಬದಿಯ ಮುಂದಿನವು ಮೇಲಿನಿಂದಲೇ ಬಂದವು. ಏಳಕ್ಕಾಗಿ ಮುಂದಿನ ಎಡಚಕ್ರ ಬಿಚ್ಚಿ, ಗಾಡಿಯನ್ನು ಜ್ಯಾಕ್ ಸ್ಟ್ಯಾಂಡಿನ ಮೇಲೆ ಕೂರಿಸಿ, ಚಕ್ರದ ಗೂಡಿನ ಪ್ಲಾಸ್ಟಿಕ್ ಹೊದಿಕೆ ತೆಗೆದು ಆ ಸಂದಿಯಿಂದ ಕೈ ಹಾಕಬೇಕಾಯಿತು. ಬರೀ ಜ್ಯಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ಕೈ ಹಾಕಬಾರದು. ಕಣ್ಣಿಗೆ ಕಾಣದ ಕೆಲಸ, ಬೆರಳೇ ಕಣ್ಣು.

ಹಳೆಯ ಪ್ಲಗ್‌ಗಳನ್ನು ಮೊಟ್ಟೆಯ ರಟ್ಟಿನ ಡಬ್ಬಿಯಲ್ಲಿ ಸಂಖ್ಯೆ ಬರೆದು ಜೋಡಿಸಿಟ್ಟಿದ್ದೆ. ಒಂದೊಂದು ಪ್ಲಗ್ಗೂ ಆ ಸಿಲಿಂಡರಿನ ವರದಿಯಿದ್ದಂತೆ. ತುದಿ ತೆಳು ಕಂದು ಬಣ್ಣದ್ದಾದರೆ ಆರೋಗ್ಯ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚಾಗುತ್ತಿದೆ ಅಥವಾ ಕಿಡಿ ಸೋತಿದೆ. ಎಣ್ಣೆಯ ಜಿಡ್ಡಿದ್ದರೆ ಪಿಸ್ಟನ್ ರಿಂಗೋ ವಾಲ್ವ್ ಸೀಲೋ ಸೋರುತ್ತಿದೆ, ಹೊಸ ಪ್ಲಗ್ ಹಾಕಿದರೂ ಅದು ವಾಸಿಯಾಗದು. ಇಲ್ಲಿ ಏಳರದ್ದು ಎಣ್ಣೆಯಲ್ಲ. ಬಿಳಿ ಪಿಂಗಾಣಿಯ ಮೇಲಿನಿಂದ ಕೆಳಗಿನ ಲೋಹದವರೆಗೆ ಪೆನ್ಸಿಲಿನಲ್ಲಿ ಎಳೆದಂತೆ ಒಂದೇ ಒಂದು ಕಪ್ಪು ಗೆರೆ. ಉಗುರಿನಲ್ಲಿ ಕೆರೆದರೂ ಹೋಗಲಿಲ್ಲ. ಬೂಟಿನ ಒಳಗೋಡೆಯಲ್ಲೂ ಅದೇ ಜಾಗದಲ್ಲಿ ಅದೇ ಗೆರೆ. ಕಿಡಿ ತಪ್ಪು ದಾರಿ ಹಿಡಿದು ನಡೆದ ಗುರುತು ಅದು. ಇಂಥ ಪ್ಲಗ್ ಬದಲಿಸಿ ಹಳೆಯ ಬೂಟನ್ನೇ ಉಳಿಸಿಕೊಂಡರೆ ಹೊಸ ಪ್ಲಗ್ಗಿನ ಮೇಲೂ ಅದೇ ಗೆರೆ ಮೂಡುತ್ತದೆ. ವೈರನ್ನೂ ಬದಲಿಸಬೇಕೆನ್ನುವುದು ಇದಕ್ಕೇ.

ಈಗ ರಬ್ಬರ್ ಪೈಪು. ಹೊಸ ಪ್ಲಗ್ಗಿನ ಹಿಂತುದಿಗೆ ಅದನ್ನು ಸಿಕ್ಕಿಸಿ, ತೂತಿಗೆ ಇಟ್ಟು, ಪೈಪನ್ನು ಬೆರಳಲ್ಲಿ ತಿರುಗಿಸುತ್ತಾ ಹೋಗಬೇಕು. ಮೊದಲು ಎಡಕ್ಕೆ ಒಂದು ಸುತ್ತು, ಮರೆ ಮರೆಗೆ ಬಿದ್ದ ಸಣ್ಣ ‘ಟಕ್’ ಬೆರಳಿಗೆ ತಿಳಿಯುತ್ತದೆ, ಅಲ್ಲಿಂದ ಬಲಕ್ಕೆ. ಮರೆ ಓರೆಯಾದರೆ ಪ್ಲಗ್ ನಿಲ್ಲುತ್ತದೆ, ಪೈಪು ಅದರ ಮೇಲೆ ಜಾರುತ್ತದೆ. ರ‍್ಯಾಚೆಟ್ ಹಾಗೆ ಜಾರುವುದಿಲ್ಲ, ಓರೆಯಾಗಿಯೇ ಕೊರೆದುಕೊಂಡು ಒಳಗೆ ಹೋಗುತ್ತದೆ. ಇಡೀ ಕೆಲಸದಲ್ಲಿ ದೊಡ್ಡ ನಷ್ಟ ಆಗುವುದು ಇಲ್ಲೇ, ತಪ್ಪಿಸುವುದು ಈ ಹರಕು ಪೈಪು.

ಮರೆಗೆ, ಕಚ್ಚಿಕೊಳ್ಳದಂತೆ ತಡೆಯುವ ಆ್ಯಂಟಿ-ಸೀಜ್ ಗ್ರೀಸ್ ಹಚ್ಚಲಿಲ್ಲ. ಈಗಿನ ಪ್ಲಗ್‌ಗಳ ಮರೆಗೆ ಲೋಹದ ಲೇಪನವಿರುತ್ತದೆ. ಅದರ ಮೇಲೆ ಗ್ರೀಸ್ ಹಚ್ಚಿದರೆ ಜಾರಿಕೆ ಹೆಚ್ಚಿ, ರೆಂಚ್ ತೋರಿಸುವ ಅಂಕಿಗಿಂತ ಬಿಗಿ ಜಾಸ್ತಿಯಾಗುತ್ತದೆ. ಬಿಗಿಯ ಅಳತೆ 11 ಪೌಂಡ್-ಅಡಿ, ಅಂದರೆ 15 ನ್ಯೂಟನ್ ಮೀಟರ್. ಬಹಳ ಕಡಿಮೆ ಎನ್ನಿಸಿದರೂ ಅಷ್ಟೇ ಸಾಕು. ಚಕ್ರದ ನಟ್ಟಿಗೆ ಬಳಸುವ ದೊಡ್ಡ ರೆಂಚ್ ಇಷ್ಟು ಕಡಿಮೆಯಲ್ಲಿ ಸರಿಯಾಗಿ ತೋರಿಸದು, ಇಂಚು-ಪೌಂಡಿನದು ಬೇಕು, ಅದರಲ್ಲಿ 132. ಏಳಕ್ಕೆ ಆ ರೆಂಚೂ ಹಿಡಿಸಲಿಲ್ಲ. ಅಂಥ ಕಡೆ ಸುತ್ತಿನ ಲೆಕ್ಕ. ಸ್ಕೂಟರ್ ಪ್ಲಗ್ಗಿಗಿರುವ ವಾಷರ್ ಇದಕ್ಕಿಲ್ಲ, ಕೂರುವ ಜಾಗ ಇಳಿಜಾರಾಗಿದೆ. ವಾಷರ್ ಇರುವ ಹೊಸ ಪ್ಲಗ್ಗನ್ನು ಕೈಬಿಗಿಯಾದ ಮೇಲೆ ಅರ್ಧ ಸುತ್ತು ಬಿಗಿಯುವುದು ರೂಢಿ. ಇದಕ್ಕೆ ಕೇವಲ ಹದಿನಾರನೇ ಒಂದು ಸುತ್ತು. ಅರ್ಧ ಸುತ್ತು ತಿರುಗಿಸಿದರೆ ಬೆಣೆಯಂತೆ ಕಚ್ಚಿಕೊಂಡು ಮುಂದಿನ ಸಲ ಬಿಚ್ಚಲು ಬಾರದು.

ಬೂಟಿನ ಒಳಗೆ ಕರೆಂಟು ಹರಿಯಗೊಡದ ಡೈಎಲೆಕ್ಟ್ರಿಕ್ ಗ್ರೀಸ್ ಒಂದು ಬಟಾಣಿಯಷ್ಟು ಸವರಿ ಒತ್ತಿದರೆ ‘ಕ್ಲಿಕ್’ ಎನ್ನಬೇಕು. ಅನ್ನದಿದ್ದರೆ ಕೂತಿಲ್ಲ. ಕೆಲಸ ಮುಗಿದ ಮೇಲೆ ಎಂಜಿನ್ ಅದುರುತ್ತಿದ್ದರೆ ಹತ್ತರಲ್ಲಿ ಒಂಬತ್ತು ಸಲ ಅದೇ ಕಾರಣ, ಸಾಮಾನ್ಯವಾಗಿ ಕೈಗೆ ಎಟುಕದ ಹಿಂದಿನ ಬೂಟು. ಪ್ರತಿಯೊಂದನ್ನೂ ಮೆಲ್ಲಗೆ ಹಿಂದಕ್ಕೆ ಎಳೆದು ನೋಡಿ, ಬ್ಯಾಟರಿ ಸೇರಿಸಿ, ಸ್ಟಾರ್ಟ್ ಮಾಡಿದೆ. ಕೋಡ್ ಅಳಿಸಿ, ಟ್ರೇಲರ್ ಕಟ್ಟಿ, ಅದೇ ಏರಿಗೆ ಹೊರಟೆ. ಅರ್ಧ ಏರು, ಮುಕ್ಕಾಲು ಏರು, ದೀಪ ಕತ್ತಲಾಗಿಯೇ ಇತ್ತು. ಬಾನೆಟ್ಟಿನ ಒಳಮೈಗೆ ಟೇಪ್ ಅಂಟಿಸಿ ದಿನಾಂಕ, ಮೈಲಿ, ಗ್ಯಾಪ್ ಬರೆದಿಟ್ಟೆ. ಗೆರೆ ಬಿದ್ದ ಆ ಏಳನೇ ಪ್ಲಗ್ ಮಾತ್ರ ಕಸಕ್ಕೆ ಹೋಗಿಲ್ಲ, ಸಾಕೆಟ್‌ಗಳ ಡಬ್ಬಿಯಲ್ಲೇ ಇದೆ.