ಕೆರೆಯ ಆಮೆ ಲೆಕ್ಕ: ಆರನೇ ಭಾನುವಾರ

ಇವತ್ತು ಕಂಡಿದ್ದು: ಕೆಂಪು ಕಿವಿಯ ಸ್ಲೈಡರ್ ಅನ್ನುವ ಹೊರದೇಶದ ಆಮೆ ಏಳು, ನಮ್ಮ ಕರಿ ಆಮೆ ಒಂದೇ ಒಂದು.

ಬೆಂಗಳೂರಿನ ಜೆ.ಪಿ. ನಗರದ ನಮ್ಮ ಮನೆ ಹತ್ತಿರದ ಕೆರೆಯಲ್ಲಿ ಒಂದು ಹೊಂಗೆ ಮರ ನೀರಿಗೆ ಬಿದ್ದಿದೆ. ಆಮೆಗಳು ಬಿಸಿಲು ಕಾಯಿಸುವುದು ಅದರ ಮೇಲೇ. ಏಳೂವರೆಗೆ ಏರಿ ಮೇಲೆ ಬೈನಾಕ್ಯುಲರ್ ಹಿಡಿದು ಕೂತೆ. ಎಂಟೂಕಾಲಿಗೆ ಮೊದಲನೆಯದು ಹತ್ತಿತು. ಒಂಬತ್ತರ ಹೊತ್ತಿಗೆ ದಿಮ್ಮಿ ತುಂಬಿ, ಒಂದರ ಬೆನ್ನ ಮೇಲೆ ಇನ್ನೊಂದು. ಕತ್ತು ನೀಡಿ, ಹಿಂಗಾಲು ಚಾಚಿ, ಬೆರಳುಗಳನ್ನು ಅಗಲಿಸಿ ಮಲಗಿದ್ದವು. ಸ್ಲೈಡರ್‌ಗಳ ಕಣ್ಣಿನ ಹಿಂದಿನ ಕೆಂಪು ಪಟ್ಟಿ ಕುಂಕುಮ ಎಳೆದ ಹಾಗೆ ಕಾಣುತ್ತಿತ್ತು.

ಕರಿ ಆಮೆ ಎರಡು ಸಲ ದಿಮ್ಮಿಗೆ ಮುಂಗಾಲು ಇಟ್ಟಿತು. ಜಾಗ ಇರಲಿಲ್ಲ. ಜೊಂಡಿನ ನೆರಳಿಗೆ ವಾಪಸ್ ಹೋಯಿತು. ನನಗೆ ಕರುಳು ಚುರ್ ಅಂತು. ಮೈ ಬಿಸಿಯಾಗದಿದ್ದರೆ ಅದಕ್ಕೆ ತಿಂದದ್ದು ಅರಗುವುದಿಲ್ಲ, ಅಲ್ವಾ?

ಒಂದು ತಿದ್ದುಪಡಿ. ಮೂರನೇ ವಾರ ಎರಡು ಕರಿ ಆಮೆ ಅಂತ ಬರೆದಿದ್ದೆ. ಫೋಟೊ ದೊಡ್ಡದು ಮಾಡಿ ನೋಡಿದರೆ ಒಂದು ಸ್ಲೈಡರ್. ವಯಸ್ಸಾದ ಗಂಡುಗಳು ಕಪ್ಪಾಗಿ, ಕೆಂಪು ಪಟ್ಟಿಯೂ ಮಾಸುತ್ತದೆ. ಈಗ ಬೆನ್ನು ನೋಡುತ್ತೇನೆ: ಕರಿ ಆಮೆಗೆ ಉದ್ದಕ್ಕೂ ಮೂರು ಏಣು, ಅಂದರೆ ಉಬ್ಬು ಗೆರೆ. ಗಂಡು ಸ್ಲೈಡರ್‌ಗೆ ಮುಂಗಾಲಿನ ಉಗುರು ತುಂಬಾ ಉದ್ದ.

ಸ್ಲೈಡರ್ ಊರು ಅಮೆರಿಕದ ಮಿಸಿಸಿಪಿ ನದಿಯ ಕಡೆ. ನಮ್ಮ ಕೆರೆಗಳ ಇನ್ನೊಂದು ಜಾತಿ, ಮೆದು ಚಿಪ್ಪಿನ ಫ್ಲ್ಯಾಪ್‌ಶೆಲ್ ಆಮೆಯನ್ನು ಸಾಕುವುದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ. ಸ್ಲೈಡರ್ ಹೊರಗಿನದು, ಅಂಗಡಿಯಲ್ಲಿ ಸಲೀಸಾಗಿ ಸಿಗುತ್ತದೆ. ತರುವಾಗ ಅಂಗೈಯಲ್ಲಿ ಕೂರುವ ಮರಿ. ಚಿಪ್ಪು 30 ಸೆಂಟಿಮೀಟರ್ ತನಕ ಬೆಳೆಯಬಹುದು, 20 ವರ್ಷಕ್ಕಿಂತ ಜಾಸ್ತಿ ಬದುಕಬಲ್ಲದು.

ಕಳೆದ ವಾರ ಒಬ್ಬರು ಬಕೆಟ್ ಹಿಡಿದು ಬಂದಿದ್ದರು. ಒಳಗೆ ಊಟದ ತಟ್ಟೆಯಷ್ಟು ದೊಡ್ಡ ಹೆಣ್ಣು. ಮಗಳು ಎರಡನೇ ಕ್ಲಾಸಿನಲ್ಲಿದ್ದಾಗ ತಂದದ್ದಂತೆ, ಈಗ ಅವಳು ಪಿಯುಸಿ. "ಪಾಪ, ದೊಡ್ಡ ನೀರಲ್ಲಿ ಆರಾಮಾಗಿರ್ಲಿ ಅಂತ ತಂದೆ" ಅಂದರು. ಕೆಟ್ಟ ಮನಸ್ಸಿನವರಲ್ಲ, ಪ್ರೀತಿಯಿಂದಲೇ ತಂದಿದ್ದರು. ಬೈನಾಕ್ಯುಲರ್ ಕೊಟ್ಟು ದಿಮ್ಮಿ ತೋರಿಸಿದೆ. ತುಂಬಾ ಹೊತ್ತು ನೋಡಿದರು. ಬಕೆಟ್ ಎತ್ತಿಕೊಂಡು ಮನೆಗೇ ಹೋದರು. ಟೆರೇಸಿನಲ್ಲಿ ದೊಡ್ಡ ತೊಟ್ಟಿ ಇಡಿಸುತ್ತೇನೆ ಅಂದಿದ್ದಾರೆ.

ಇವತ್ತು ಹೊರಡುವಾಗ ಕೋಡಿ ಹತ್ತಿರ, ಪಾಚಿಯ ಮೇಲೆ ಒಂದು ಮರಿ ಕಂಡಿತು. ಹತ್ತು ರೂಪಾಯಿ ನಾಣ್ಯಕ್ಕಿಂತ ಒಂಚೂರು ದೊಡ್ಡದು. ಹಸಿರು ಚಿಪ್ಪು, ಅಚ್ಚ ಕೆಂಪು ಪಟ್ಟಿ. ಯಾರಾದರೂ ತಂದು ಬಿಟ್ಟದ್ದೋ, ಇಲ್ಲೇ ಮೊಟ್ಟೆಯೊಡೆದು ಬಂದದ್ದೋ? ಮುಂದಿನ ಭಾನುವಾರ ಏರಿಯ ಇಳಿಜಾರಿನ ಮಣ್ಣಿನಲ್ಲಿ ತೋಡಿದ ಗುರುತು ಹುಡುಕಬೇಕು.