ಓದಿದ ನಾಲ್ಕು ಲೋಕಗಳು

ಭಾನುವಾರ, 9 ಮಾರ್ಚ್ 2025

‘ದಿ ತ್ರೀ ಬಾಡಿ ಪ್ರಾಬ್ಲಂ’ ನಿನ್ನೆ ರಾತ್ರಿ ಮುಗಿಯಿತು. ಮುಗಿದ ಮೇಲೆ ಅದರ ಜೊತೆ ಈಚೆಗೆ ಓದಿದ ಇನ್ನೂ ಮೂರು ಪುಸ್ತಕಗಳು ತಲೆಯಲ್ಲಿ ಸುತ್ತುತ್ತಿವೆ. ಬರೆದುಬಿಡುತ್ತೇನೆ. ಕಥೆಯ ಗುಟ್ಟುಗಳು ನಡುನಡುವೆ ಬರುತ್ತವೆ. ಇನ್ನೂ ಓದಿಲ್ಲದವರು ಆಯಾ ಪುಸ್ತಕದ ಭಾಗ ಬಿಟ್ಟು ಮುಂದೆ ಹೋಗಬಹುದು.

ಚೀನಾದ ಲೇಖಕ ಲಿಯು ತ್ಸಿಶಿನ್ ಅವರ ಈ ಕಾದಂಬರಿಗೆ 2015ರಲ್ಲಿ, ವಿಜ್ಞಾನ ಕಥೆ ಮತ್ತು ಫ್ಯಾಂಟಸಿಗೆ ಕೊಡುವ ಹ್ಯೂಗೋ ಪ್ರಶಸ್ತಿ ಬಂತು. ಇದರಲ್ಲಿರುವ ಕಲ್ಪನೆಗಳ ಗಾತ್ರಕ್ಕೆ ಬೆರಗಾಗದೆ ಇರುವುದಕ್ಕೆ ಆಗುವುದಿಲ್ಲ. ಕಥೆಯೊಳಗೆ ಮೂರು ಸೂರ್ಯರಿರುವ ಲೋಕದ ಒಂದು ಕಂಪ್ಯೂಟರ್ ಆಟವಿದೆ. ಅದರಲ್ಲಿ ಚೀನಾದ ಚಕ್ರವರ್ತಿಯ ಮೂರು ಕೋಟಿ ಸೈನಿಕರು ಬಯಲಲ್ಲಿ ನಿಂತು ಒಂದು ಕಂಪ್ಯೂಟರ್ ಆಗುತ್ತಾರೆ. ಒಬ್ಬೊಬ್ಬನ ಕೈಯಲ್ಲೂ ಕಪ್ಪು ಬಾವುಟ, ಬಿಳಿ ಬಾವುಟ. ಇಬ್ಬರು ಎತ್ತಿದ ಬಾವುಟ ನೋಡಿ ಮೂರನೆಯವನು ತನ್ನದನ್ನು ಎತ್ತುತ್ತಾನೆ. ಅಷ್ಟೇ ಕೆಲಸ. ಆ ಮೂವರ ಗುಂಪುಗಳನ್ನು ಪೋಣಿಸುತ್ತಾ ಹೋದರೆ ಸೂರ್ಯರ ಚಲನೆಯ ಲೆಕ್ಕ ಹಾಕುವ ಯಂತ್ರ ತಯಾರು! ಕಂಪ್ಯೂಟರ್ ಒಳಗೆ ಏನಾಗುತ್ತದೆ ಅನ್ನುವುದನ್ನು ಇಷ್ಟು ಕಣ್ಣಿಗೆ ಕಟ್ಟುವ ಹಾಗೆ ನಾನು ಬೇರೆಲ್ಲೂ ಓದಿಲ್ಲ.

ಆದರೂ ಪುಸ್ತಕ ನನ್ನನ್ನು ಪೂರ್ತಿ ಹಿಡಿಯಲಿಲ್ಲ. ವಾಂಗ್ ಮಿಯಾವ್ ಅನ್ನುವ ವಿಜ್ಞಾನಿಯ ಹಿಂದೆಯೇ ಅರ್ಧಕ್ಕಿಂತ ಜಾಸ್ತಿ ಕಥೆ ನಡೆಯುತ್ತದೆ. ಅವನಿಗೆ ಹೆಂಡತಿ, ಮಗ ಇದ್ದಾರೆ. ಮೊದಲಲ್ಲಿ ಕಾಣಿಸುತ್ತಾರೆ, ಆಮೇಲೆ ಮಾಯ. ಅವರ ಬಗ್ಗೆ ಅವನಿಗೆ ಏನನ್ನಿಸುತ್ತದೆ ಅನ್ನುವುದೇ ನಮಗೆ ಗೊತ್ತಾಗುವುದಿಲ್ಲ. ಬೇರೆ ಲೋಕದ ಜೀವಿಗಳನ್ನು ಭೂಮಿಗೆ ಕರೆಯುವ ವಿಜ್ಞಾನಿ ಯೆ ವೆನ್‌ಜಿಯೆ ಬಂದಾಗ ಮಾತ್ರ ಪುಟಗಳಿಗೆ ಜೀವ ಬರುತ್ತದೆ. 1967ರಲ್ಲಿ, ಸಾಂಸ್ಕೃತಿಕ ಕ್ರಾಂತಿಯ ಹೊತ್ತಿನಲ್ಲಿ, ಅವಳ ಕಣ್ಣೆದುರೇ ಅಪ್ಪನನ್ನು ಹೊಡೆದು ಕೊಲ್ಲುತ್ತಾರೆ. ಎಷ್ಟೋ ವರ್ಷದ ಮೇಲೆ, ಕೊಂದ ಹುಡುಗಿಯರನ್ನು ಹುಡುಕಿ ಅವಳು ಎದುರು ನಿಲ್ಲುತ್ತಾಳೆ. ಒಂದು ಪಶ್ಚಾತ್ತಾಪದ ಮಾತು ಬಂದರೆ ಸಾಕು ಅವಳಿಗೆ. ಬರುವುದಿಲ್ಲ. ಬೇರೆ ಲೋಕದವರನ್ನು ಅವಳು ಯಾಕೆ ಕರೆದಳು ಅನ್ನುವುದು ನನಗೆ ನಿಜವಾಗಿ ಅರ್ಥವಾಗಿದ್ದು ಅಲ್ಲೇ. ಮೂರು ಸೂರ್ಯರ ಲೆಕ್ಕಕ್ಕಿಂತ ಆ ಭೇಟಿಯೇ ನನ್ನಲ್ಲಿ ಉಳಿಯಿತು.

ಇದನ್ನು ಯೋಚಿಸುತ್ತಿದ್ದಾಗಲೇ ಉಳಿದ ಮೂರು ಪುಸ್ತಕಗಳು ನನಗೆ ಯಾಕೆ ಅಷ್ಟು ಇಷ್ಟವಾದವು ಅಂತ ಹೊಳೆದಿದ್ದು. ಎಷ್ಟು ದೊಡ್ಡ ಲೋಕ ಕಟ್ಟಿದರೂ, ಆ ಲೋಕದಲ್ಲಿ ಒಂದು ಜೀವ ಇನ್ನೊಂದನ್ನು ಹೇಗೆ ನೋಡಿಕೊಳ್ಳುತ್ತದೆ ಅನ್ನುವುದನ್ನೇ ನಾನು ಹುಡುಕುತ್ತಾ ಓದುತ್ತೇನೆ.

ಆಂಡಿ ವಿಯರ್ ಅವರ ‘ಪ್ರಾಜೆಕ್ಟ್ ಹೇಲ್ ಮೇರಿ’ ಇದಕ್ಕೆ ಒಳ್ಳೆಯ ಉದಾಹರಣೆ. ಭೂಮಿಯಲ್ಲಿ ನಡೆಯುವ ಭಾಗಗಳು ನನಗೆ ಸ್ವಲ್ಪ ಉದ್ದವಾದವು. ಬರೀ ಸಭೆ, ಯೋಜನೆ, ಮತ್ತೆ ಸಭೆ. ರಾಕಿ ಬಂದ ಮೇಲೆ ಪುಸ್ತಕ ಕೆಳಗಿಡಲಿಲ್ಲ. ಐದು ಕಾಲಿನ, ಕಲ್ಲಿನ ಚಿಪ್ಪಿನ, ಕಣ್ಣೇ ಇಲ್ಲದ, ಬೇರೆ ಗ್ರಹದ ಜೀವಿ. ಅವನು ಇರುವ ಜಾಗದಲ್ಲಿ ಅಮೋನಿಯ, ನಮ್ಮ 29 ಪಟ್ಟು ಒತ್ತಡ, 210 ಡಿಗ್ರಿ ಬಿಸಿ. ಅವನೂ ಭೂಮಿಯಿಂದ ಬಾಹ್ಯಾಕಾಶಕ್ಕೆ ಬಂದ ಗ್ರೇಸ್ ಎಂಬ ಮನುಷ್ಯನೂ ಒಂದೇ ಗಾಳಿಯಲ್ಲಿ ಬದುಕಲಾರರು. ಹಾಗಾಗಿ ನಡುವೆ ಯಾವಾಗಲೂ ಒಂದು ಗೋಡೆ. ಆ ಗೋಡೆಯ ಆಚೆ ಈಚೆ ಕೂತು ಮೊದಲು ಅಂಕಿ ಕಲಿಯುತ್ತಾರೆ, ಆಮೇಲೆ ಮಾತು. ರಾಕಿಯ ಮಾತೆಲ್ಲ ಸಂಗೀತದಂಥ ಸ್ವರಗಳು.

ರಾಕಿಯ ಜನ ನಿದ್ದೆ ಹೋದರೆ ಮಧ್ಯದಲ್ಲಿ ಎಚ್ಚರವಾಗುವುದಿಲ್ಲ. ಅದಕ್ಕೇ ಒಬ್ಬರು ಮಲಗಿದಾಗ ಇನ್ನೊಬ್ಬರು ಕಾವಲು ಕೂರುವುದು ಅವರಲ್ಲಿ ಪದ್ಧತಿ. ಗ್ರೇಸ್‌ಗೆ ಇದು ಮೊದಲು ಮುಜುಗರ. ಆದರೆ ರಾಕಿಯ ಹಡಗಿನಲ್ಲಿ 23 ಜನ ಹೊರಟು ಉಳಿದವನು ಅವನೊಬ್ಬನೇ. ಎಷ್ಟೋ ದಶಕ ಅವನ ನಿದ್ದೆಯನ್ನು ಕಾಯುವವರು ಯಾರೂ ಇರಲಿಲ್ಲ. ಅದು ನೆನಪಾದಾಗ ಆ ಸಣ್ಣ ಪದ್ಧತಿಯ ತೂಕವೇ ಬೇರೆ, ಅಲ್ವಾ? ಮುಂದೆ ಅವನು ಗ್ರೇಸ್‌ನನ್ನು ಉಳಿಸಲು ತನ್ನ ಗಾಳಿ ಬಿಟ್ಟು ಹೊರಗೇ ಬರುತ್ತಾನೆ. ಆ ಪುಟ ಓದಿ ಅತ್ತೆ.

ಸುಸಾನಾ ಕ್ಲಾರ್ಕ್ ಅವರ ‘ಪಿರನೇಸಿ’ ನಾಲ್ಕರಲ್ಲಿ ಒಂದೇ ಫ್ಯಾಂಟಸಿ, ಚಿಕ್ಕದು ಕೂಡ. ಹಜಾರ ದಾಟಿದರೆ ಇನ್ನೊಂದು ಹಜಾರ, ಕೊನೆಯೇ ಇಲ್ಲದ ಒಂದು ಮನೆ. ಗೋಡೆಯುದ್ದಕ್ಕೂ ಅಮೃತಶಿಲೆಯ ಮೂರ್ತಿಗಳು. ಕೆಳಗಿನ ಅಂತಸ್ತಿನಲ್ಲಿ ಸಮುದ್ರ, ಮೇಲಿನ ಅಂತಸ್ತಿನಲ್ಲಿ ಮೋಡ. ಅಲ್ಲಿರುವವನು ಒಬ್ಬನೇ, ಮತ್ತು ಕಾದಂಬರಿ ಪೂರ್ತಿ ಅವನು ಬರೆದಿಟ್ಟ ದಿನಚರಿ. ಆಗಾಗ ಬಂದುಹೋಗುವ ಇನ್ನೊಬ್ಬನಿಂದ ಅವನಿಗೆ ಮೋಸವಾಗುತ್ತಿದೆ ಅಂತ ಅವನಿಗಿಂತ ಎಷ್ಟೋ ಮೊದಲು ನಮಗೆ ಗೊತ್ತಾಗುತ್ತದೆ. ಹೇಳಲು ಆಗದೆ ಚಡಪಡಿಸುತ್ತೇವೆ.

ಒಂದು ಚಳಿಗಾಲದಲ್ಲಿ ಆಲ್ಬಟ್ರಾಸ್ ಜೋಡಿ ಗೂಡು ಕಟ್ಟಲು ಬರುತ್ತದೆ. ಬೆಂಕಿಗೆಂದು ಒಣಗಿಸಿಟ್ಟ ಕಡಲಪಾಚಿಯನ್ನು ಅವನು ಆ ಹಕ್ಕಿಗಳಿಗೆ ಕೊಟ್ಟುಬಿಡುತ್ತಾನೆ. ಇಷ್ಟು ಕೊಟ್ಟರೆ ಇಷ್ಟು ದಿನ ತನಗೆ ಚಳಿ ಅಂತ ಲೆಕ್ಕ ಹಾಕಿಯೇ ಕೊಡುತ್ತಾನೆ. ಮನೆಯಲ್ಲಿ ಸಿಕ್ಕ ಹದಿಮೂರು ಜನರ ಮೂಳೆಗಳಿಗೂ ಊಟ, ನೀರು, ಹೂವು ಒಯ್ಯುತ್ತಾನೆ. ಅವರು ಯಾರು ಅಂತಲೂ ಅವನಿಗೆ ಗೊತ್ತಿಲ್ಲ. ಗುಟ್ಟು ಬಯಲಾಗುವ ಭಾಗ ಪತ್ತೇದಾರಿ ಕಥೆಯ ವೇಗಕ್ಕೆ ತಿರುಗಿದ್ದು ನನಗೆ ಅಷ್ಟು ಹಿಡಿಸಲಿಲ್ಲ. ಆ ಮನೆಗೆ ವಿವರಣೆ ಬೇಕಿತ್ತಾ ಅಂತ ಈಗಲೂ ಅನ್ನಿಸುತ್ತದೆ.

ಉರ್ಸುಲಾ ಲೆ ಗ್ವಿನ್ ಅವರ ‘ದಿ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್’ ಬಂದಿದ್ದು 1969ರಲ್ಲಿ. ನಾನಿದನ್ನು ಓದಿದ್ದು ಇದು ಎರಡನೇ ಸಲ. ಗೆಥೆನ್ ಅನ್ನುವ ಹಿಮದ ಗ್ರಹದ ಜನ ತಿಂಗಳ ಬಹುಪಾಲು ಗಂಡೂ ಅಲ್ಲ, ಹೆಣ್ಣೂ ಅಲ್ಲ. ಅಲ್ಲಿಗೆ ಬೇರೆ ಲೋಕಗಳ ದೂತನಾಗಿ ಬಂದ ಗೆನ್ಲಿ ಐಗೆ ಅಲ್ಲಿನ ಒಂದು ದೇಶದ ಪ್ರಧಾನಿ ಎಸ್ಟ್ರಾವೆನ್ ಮೇಲೆ ನಂಬಿಕೆಯೇ ಇಲ್ಲ. ಅವನ ಪರವಾಗಿ ನಿಂತು ಪದವಿ, ದೇಶ ಎರಡನ್ನೂ ಕಳೆದುಕೊಂಡಿದ್ದು ಅದೇ ಎಸ್ಟ್ರಾವೆನ್. ಇದು ಗೆನ್ಲಿಗೆ ತಿಳಿಯುವ ಹೊತ್ತಿಗೆ ಅರ್ಧ ಪುಸ್ತಕ ಕಳೆದಿರುತ್ತದೆ. ಮೊದಲ ಅಧ್ಯಾಯಗಳಲ್ಲಿ ಹೆಸರುಗಳೇ ಕಾಲಿಗೆ ತೊಡರುತ್ತವೆ, ನಿಜ. ದಯವಿಟ್ಟು ಅಲ್ಲಿ ಬಿಡಬೇಡಿ. ನಡುವೆ ಬರುವ ಜನಪದ ಕಥೆಗಳನ್ನೂ ಸುಮ್ನೆ ದಾಟಬೇಡಿ. ಅದರಲ್ಲೊಂದರಲ್ಲಿ ಹಗೆಯ ಎರಡು ಮನೆತನದವರು ಚಳಿಯಲ್ಲಿ ಒಂದೇ ಗುಡಿಸಲು ಸೇರುತ್ತಾರೆ. ಅಂಗೈಗೆ ಅಂಗೈ ಇಟ್ಟು ನೋಡಿದರೆ ಬೆರಳಿಗೆ ಬೆರಳು ಸರಿಸಮ.

ಕೊನೆಗೆ ಗೆನ್ಲಿ, ಎಸ್ಟ್ರಾವೆನ್ ಇಬ್ಬರೇ ಹಿಮಗಡ್ಡೆಯ ಮೇಲೆ ಮಾಡುವ ಪ್ರಯಾಣ ನಿಧಾನ, ಅಲ್ಲಿ ಏನೂ ನಡೆಯುವುದಿಲ್ಲ ಅನ್ನುವ ದೂರನ್ನು ಬಹಳ ಕಡೆ ಓದಿದ್ದೇನೆ. ನಾನು ಒಪ್ಪುವುದಿಲ್ಲ. ಗಾಡಿ ಎಳೆಯುವುದು, ಊಟ ತೂಗಿ ಹಂಚಿಕೊಳ್ಳುವುದು, ಡೇರೆಯಲ್ಲಿ ಒಲೆಯ ಪಕ್ಕ ಮಾತಾಡುವುದು: ಅಪನಂಬಿಕೆ ಕರಗುವುದು ಇಂಥ ಕೆಲಸಗಳಲ್ಲೇ. ಒಂದು ದಿನ ಎಲ್ಲೆಲ್ಲೂ ಬಿಳಿ ಬೆಳಕು ಹರಡಿ ನೆರಳುಗಳು ಪೂರ್ತಿ ಮಾಯವಾಗುತ್ತವೆ. ಬೆಳಕಿದೆ, ಆದರೆ ಮುಂದಿನ ಹೆಜ್ಜೆ ನೆಲಕ್ಕೋ ಬಿರುಕಿಗೋ ಗೊತ್ತಾಗುವುದಿಲ್ಲ. ನಡೆಯಲು ನೆರಳೂ ಬೇಕು ಅಂತ ಇಬ್ಬರಿಗೂ ಅರಿವಾಗುವುದು ಆಗ. ಲೆ ಗ್ವಿನ್ ಈ ಭಾಗವನ್ನು ಇನ್ನೂ ಬೇಗ ಮುಗಿಸಿದ್ದರೆ, ಆಮೇಲೆ ಎಸ್ಟ್ರಾವೆನ್‌ಗೆ ಆಗುವುದನ್ನು ಓದಿ ನನಗೆ ಅಷ್ಟು ನೋವಾಗುತ್ತಲೇ ಇರಲಿಲ್ಲ.